ಆರ್ಜೂಗೆ ತಮ್ಮ ಬೇಡ

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಸ್ವಂತ ಹೆಸರಿನ ಲೈಸೆನ್ಸ್ ಹಿಡಿದು ಗೂಡು ಕೊಳ್ಳುವ ಹೆಂಗಸರು ಬೆರಳೆಣಿಕೆಯಷ್ಟು. ಅವರಲ್ಲಿ ಕಹಕಶಾನ್ ಒಬ್ಬಳು. ಬೆಳಿಗ್ಗೆ ಗಂಡಸರ ನೂಕುನುಗ್ಗಲಿನ ನಡುವೆ ಬುರ್ಖಾದ ತೋಳು ಮೇಲಕ್ಕೆ ಮಡಚಿಕೊಂಡು, ಜಾಲರಿಯಲ್ಲಿ ಹರವಿದ ಗೂಡಿಗೆ ಕೈಹಾಕಿ, ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿ, ಮೊಬೈಲಿನಲ್ಲಿ ಹರಾಜಿನ ಬಿಡ್ ಒತ್ತುತ್ತಿದ್ದಳು. ಗೂಡು ಮನೆಗೆ ಬಂದ ಮೇಲೆ ಕೆಳಗಿನ ಶೆಡ್ಡಿನಲ್ಲಿ ಐದು ಜನ ಹೆಂಗಸರು ಅದನ್ನು ಬಿಸಿನೀರಿಗೆ ಹಾಕಿ ನೂಲು ಬಿಚ್ಚುತ್ತಿದ್ದರು. ಅವಳಿಗೀಗ ಮೂವತ್ತೆರಡು ವರ್ಷ. ಮಗಳು ಆರ್ಜೂಗೆ ಏಳು.

ಆರ್ಜೂ ನಡೆಯಲು ಕಲಿತಾಗಿನಿಂದ ಒಂದೇ ಪ್ರಶ್ನೆ ಕಹಕಶಾನ್‌ಳ ಬೆನ್ನಿಗೆ ಬಿದ್ದಿತ್ತು. ಇನ್ನೊಂದು ಯಾವಾಗ? ಮೊದಮೊದಲು ತಮಾಷೆಯಾಗಿ ಕೇಳುತ್ತಿದ್ದರು. ಆಮೇಲೆ ಕಾಳಜಿಯಿಂದ. ಈಗ ಆರೋಪದ ಹಾಗೆ. ಅತ್ತೆ ಶಹರ್ ಬಾನು ಎಂಟು ಹೆತ್ತು ಐವರನ್ನು ಉಳಿಸಿಕೊಂಡವಳು. ಅವಳಂತೂ ಆರ್ಜೂಗೆ ತಲೆ ಬಾಚುವಾಗಲೆಲ್ಲ, "ಹೋಗಿ ನಿಮ್ಮ ಅಮ್ಮೀನ ಕೇಳು, ನಂಗೆ ತಮ್ಮ ಯಾವಾಗ ಬರ್ತಾನೆ ಅಂತ" ಎಂದು ಮಗುವನ್ನೇ ಕಳಿಸುತ್ತಿದ್ದಳು. ಮಗು ಬಂದು ಕೇಳುತ್ತಿತ್ತು. ಕಹಕಶಾನ್ ಅದರ ಜಡೆ ಸರಿಮಾಡಿ ವಾಪಸ್ ಕಳಿಸುತ್ತಿದ್ದಳು.

ಅವಳ ತವರಿನಲ್ಲಿ ಏಳು ಮಕ್ಕಳು. ಏಳೂ ಮಕ್ಕಳು ಅಪ್ಪನ ನೂಲು ಬಿಚ್ಚುವ ಚರಕದ ಶೆಡ್ಡಿನಲ್ಲೇ ಬೆಳೆದವರು. ಒಂಬತ್ತನೇ ವಯಸ್ಸಿಗೆ ಕಹಕಶಾನ್ ಶಾಲೆ ಬಿಟ್ಟು ಬಿಸಿನೀರಿನ ತೊಟ್ಟಿಯ ಮುಂದೆ ನಿಂತಳು. ಸಂಜೆ ಹೊತ್ತಿಗೆ ಬೆರಳ ತುದಿಗಳು ಬಿಳಿಚಿ, ಸುಕ್ಕುಗಟ್ಟಿ, ಯಾರದೋ ಮುದುಕಿಯ ಬೆರಳಿನಂತೆ ಕಾಣುತ್ತಿದ್ದವು. ಅಮ್ಮ ಕೆಟ್ಟವಳೇನಲ್ಲ. ಒಂದು ಹೊಟ್ಟೆಯಲ್ಲಿ, ಒಂದು ಕಂಕುಳಲ್ಲಿ, ಉಳಿದವು ಸುತ್ತಮುತ್ತ. ಅದರ ನಡುವೆ ಮೂರನೆಯ ಮಗಳು ಎಷ್ಟನೇ ಕ್ಲಾಸಿನಲ್ಲಿದ್ದಳು ಎಂಬುದು ಅವಳಿಗೆ ಮರೆತೇಹೋಗಿತ್ತು. ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿಕೊಂಡು ಬಂದ ಟೀಚರೊಬ್ಬರು ಕೇಳಿದಾಗ ಅಮ್ಮ, "ಎರಡೋ ಮೂರೋ" ಎಂದಿದ್ದಳು. ಕಹಕಶಾನ್ ಓದುತ್ತಿದ್ದದ್ದು ನಾಲ್ಕನೆಯದು. ಆ ಟೀಚರೇ ಅವಳನ್ನು ಮತ್ತೆ ಶಾಲೆಗೆ ಹಚ್ಚಿದರು. ಪಿಯುಸಿ ಮುಗಿಸಿ, ಇಪ್ಪತ್ಮೂರಕ್ಕೆ ಮದುವೆಯಾಯಿತು.

ಗಂಡ ಉಮರ್ ಫಾರೂಕ್ ನೂಲು ಹುರಿ ಮಾಡುವ ಯಂತ್ರಗಳ ಮೋಟಾರು ರಿಪೇರಿ ಮಾಡುವವನು. ಮನುಷ್ಯರಿಗಿಂತ ಮೋಟಾರಿನ ಜೊತೆ ಹೆಚ್ಚು ಮಾತಾಡುವ ಮೆದು ಸ್ವಭಾವದವನು. ಆರ್ಜೂವನ್ನು ಶಾಲೆಗೆ ಬಿಟ್ಟು ಬರುತ್ತಿದ್ದ ಒಂದು ಬೆಳಿಗ್ಗೆ ಕಹಕಶಾನ್ ಬೈಕಿನ ಹಿಂದೆ ಕೂತು ವಿಷಯ ಎತ್ತಿದಳು.

"ನಾನು ಆಪರೇಷನ್ ಮಾಡಿಸ್ಕೋತೀನಿ. ಆರ್ಜೂ ಒಬ್ಬಳೇ ಸಾಕು."

ಉಮರ್ ಬೈಕನ್ನು ಪಕ್ಕಕ್ಕೆ ನಿಲ್ಲಿಸಿದ.

"ನಂಗೂ ಒಬ್ಬಳೇ ಸಾಕು ಕಹಕಶಾನ್. ಇನ್ನೊಂದು ಬೇಕು ಅಂತ ನಾನು ಯಾವತ್ತಾದ್ರೂ ಕೇಳಿದೀನಾ? ಆದ್ರೆ ಅಮ್ಮೀಗೆ ಏನಂತ ಹೇಳೋದು?"

"ಸಾಕು ಅಂತ ಹೇಳೋದು."

"ಹಂಗೆ ಹೇಳಿದ್ರೆ ಮನೆ ಎರಡಾಗುತ್ತೆ. ಗರ್ಭಕೋಶದಲ್ಲಿ ತೊಂದ್ರೆ ಇದೆ, ಇನ್ನೊಂದಾದ್ರೆ ಪ್ರಾಣಕ್ಕೆ ಅಪಾಯ ಅಂತ ಡಾಕ್ಟರ್ ಹೇಳಿದಾರೆ ಅಂದ್ಬಿಡಣ. ಎಲ್ಲಾರೂ ಸುಮ್ನಾಗ್ತಾರೆ."

"ಯಾವ ಡಾಕ್ಟರ್ ಹೇಳಿದಾರೆ? ನಂಗೆ ನೆಗಡಿ ಬಂದು ವರ್ಷ ಆಯ್ತು."

"ಒಂದು ಮಾತು ತಾನೇ. ಯಾರಿಗೆ ನಷ್ಟ?"

ಕಹಕಶಾನ್‌ಗೂ ಒಂದು ಕ್ಷಣ, ಒಂದು ಮಾತು ತಾನೇ ಎನ್ನಿಸಿತು.

ಎರಡು ದಿನ ಬಿಟ್ಟು ಆಶಾ ಕಾರ್ಯಕರ್ತೆ ಸೌಜನ್ಯ ಬೀದಿಗೆ ಬಂದಾಗ ಕಹಕಶಾನ್ ಅವಳನ್ನು ಶೆಡ್ಡಿನೊಳಗೆ ಕರೆದು, ಚಹಾ ಕೊಟ್ಟು, ಆಪರೇಷನ್ ಬಗ್ಗೆ ವಿಚಾರಿಸಿದಳು. ಸೌಜನ್ಯ ಹತ್ತು ವರ್ಷದಿಂದ ಆ ಬೀದಿಗಳನ್ನು ಸುತ್ತುತ್ತಿದ್ದವಳು. ಯಾವ ಮನೆಯ ಬಾಗಿಲು ಯಾರು ತೆಗೆಯುತ್ತಾರೆ ಎಂದು ಅವಳಿಗೆ ಗೊತ್ತು.

"ಮಾಡಿಸ್ಕೊಳ್ಳಿ, ಏನೂ ತೊಂದ್ರೆ ಇಲ್ಲ. ಒಂದು ಮಗು ಇದ್ರೂ ಮಾಡ್ತಾರೆ" ಎಂದಳು. "ಮನೇಲಿ ಬಿಪಿ ಅಂತ ಹೇಳ್ಬಿಡಿ. ಎಲ್ಲಾರೂ ಹಂಗೇ ಹೇಳೋದು."

"ಎಲ್ಲಾರೂ ಅಂದ್ರೆ?"

ಸೌಜನ್ಯ ನಕ್ಕಳು. "ಹೆಸರು ಹೇಳಲ್ಲಮ್ಮ. ನಾನು ಬಂದ ಹೊಸದ್ರಲ್ಲಿ ಈ ಬೀದೀಲಿ ತಿಂಗಳಿಗೆ ನಾಲ್ಕು ಬಾಣಂತಿ ಮನೆ ಇರೋವು. ಈಗ ವರ್ಷಕ್ಕೆ ನಾಲ್ಕು ಆದ್ರೆ ಹೆಚ್ಚು. ನನ್ನ ಏರಿಯಾದಲ್ಲಿ ಒಂದೇ ಮಗೂಗೆ ನಿಲ್ಸಿರೋ ಮನೆ ಹನ್ನೊಂದು. ಹಿಂದೂಗಳದೂ ಇವೆ, ನಿಮ್ಮವರದೂ ಇವೆ. ಹನ್ನೊಂದರಲ್ಲೂ ಹೆಂಗಸಿಗೆ ಕಾಯಿಲೆ. ಒಬ್ಬಳಿಗೆ ಬಿಪಿ, ಒಬ್ಬಳಿಗೆ ಥೈರಾಯ್ಡು, ಒಬ್ಬಳಿಗೆ ಗರ್ಭಕೋಶ ವೀಕು. ಹೊಸಬರು ಯಾರಾದ್ರೂ ಕೇಳಿದ್ರೆ ಊರಿಗೇ ರೋಗ ಬಂದಿದೆ ಅನ್ಕೋಬೇಕು."

"ನಿಜವಾಗಿ ಎಷ್ಟು ಜನಕ್ಕೆ ಇದೆ?"

"ಒಬ್ಬಳಿಗೆ."

ಸೌಜನ್ಯ ಹೋದ ಮೇಲೂ ಆ ಹತ್ತು ಜನ ಕಹಕಶಾನ್‌ಳನ್ನು ಬಿಡಲಿಲ್ಲ. ಗಟ್ಟಿಮುಟ್ಟಾದ ಹತ್ತು ಹೆಂಗಸರು. ಹಬ್ಬಕ್ಕೆ ಹರಿದಿನಕ್ಕೆ ಹೋದಲ್ಲೆಲ್ಲ ಮುಖ ಸಪ್ಪಗೆ ಮಾಡಿಕೊಂಡು ಕೂರಬೇಕು. ಅಯ್ಯೋ ಪಾಪ ಎನ್ನಿಸಿಕೊಳ್ಳಬೇಕು. ಬೇಡ ಎಂಬ ಎರಡಕ್ಷರದ ಬದಲು ಜೀವನಪೂರ್ತಿ ರೋಗಿಯ ವೇಷ ಹಾಕಬೇಕು. ಅದೇ ಹೊತ್ತಿಗೆ ಅವಳು ನಿರ್ಧರಿಸಿದಳು, ತಾನು ಹನ್ನೆರಡನೆಯವಳಾಗುವುದಿಲ್ಲ.

ಆ ವಾರ ಜಂಗಮಕೋಟೆಯ ತನುಜ ಗೂಡು ತಂದಿದ್ದಳು. ತನುಜ ಮತ್ತು ಅವಳ ಗಂಡ ಜಗನ್ ಹಿಪ್ಪುನೇರಳೆ ಬೆಳೆದು ಹುಳು ಸಾಕುವವರು. ಅವಳ ಲಾಟ್ ಬಂದರೆ ಕಹಕಶಾನ್ ಕಣ್ಣುಮುಚ್ಚಿ ಬಿಡ್ ಒತ್ತುತ್ತಿದ್ದಳು. ಅಷ್ಟು ಚೊಕ್ಕ ಗೂಡು. ಹಾಗೆ ಶುರುವಾದ ಗೆಳೆತನ ಐದು ವರ್ಷದ್ದು. ತನುಜಳಿಗೂ ಒಬ್ಬಳೇ ಮಗಳು. ಇಬ್ಬರೂ ಮಾರುಕಟ್ಟೆಯ ಹೊರಗಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತ ಕೂತರು.

"ಅಕ್ಕಾ, ಮೊನ್ನೆ ನಮ್ಮೂರಲ್ಲಿ ಒಂದು ಸಭೆ ಇತ್ತು" ಎಂದಳು ತನುಜ. "ಒಬ್ಬ ಮೈಕ್ ಹಿಡ್ಕೊಂಡು ಒಂದು ಗಂಟೆ ಅರಚಿದ. ಮನೆಗೆ ಮೂರು ಮಕ್ಕಳು ಹೆರಲೇಬೇಕಂತೆ. ಇಲ್ಲಾಂದ್ರೆ ನಮ್ಮೋರು ಕಮ್ಮಿ ಆಗೋಗ್ತಾರಂತೆ, ನಿಮ್ಮೋರು ಜಾಸ್ತಿ ಆಗೋಗ್ತಾರಂತೆ."

"ಯಾರು ಜಾಸ್ತಿ ಮಾಡ್ತಿರೋದು? ನಾನಾ?"

ಇಬ್ಬರಿಗೂ ನಗು ಬಂತು. ಸಾಂಬಾರು ನೆತ್ತಿಗೇರುವಷ್ಟು ನಕ್ಕರು. ನಗು ನಿಂತ ಮೇಲೆ ಕಹಕಶಾನ್ ತನ್ನ ಆಪರೇಷನ್ ವಿಷಯ ಹೇಳಿ, "ನೀನೂ ಬಾ, ಇಬ್ರೂ ಒಂದೇ ದಿನ ಮಾಡಿಸ್ಕೊಳ್ಳಣ" ಎಂದಳು.

ತನುಜ ಇಡ್ಲಿ ಮುರಿಯುತ್ತಿದ್ದ ಕೈ ನಿಲ್ಲಿಸಿದಳು.

"ಇಲ್ಲ ಅಕ್ಕಾ. ನಂಗೆ ಇನ್ನೊಂದು ಬೇಕು."

"ಆ ಮೈಕಿನವನ ಮಾತು ಕೇಳ್ಕೊಂಡಾ?"

"ಅವನ ಮಾತಿಗೆ ಬೆಂಕಿ ಹಾಕ. ನಮ್ಮತ್ತೆ ಗಂಡು ಬೇಕು ಅಂತಾರೆ, ಅದಕ್ಕೂ ಅಲ್ಲ. ಗಂಡಾಗ್ಲಿ ಹೆಣ್ಣಾಗ್ಲಿ, ಇನ್ನೊಂದು ಎತ್ಕೋಬೇಕು ಅನ್ಸುತ್ತೆ. ಅಷ್ಟೇ. ಯಾಕೆ ಅಂದ್ರೆ ಏನ್ ಹೇಳ್ಲಿ?"

ಕಹಕಶಾನ್‌ಗೆ ಒಳಗೇ ಸಿಟ್ಟು ಬಂತು. ತನ್ನ ಪಕ್ಕದಲ್ಲಿ ನಿಲ್ಲುತ್ತಾಳೆ ಎಂದುಕೊಂಡವಳು ಜಾರಿಹೋದಳಲ್ಲ ಎನ್ನಿಸಿತು. ಚಹಾ ಪೂರ್ತಿ ಕುಡಿಯದೆ ಎದ್ದಳು. ಆದರೆ ತನುಜ ಅವಳ ಬುರ್ಖಾದ ತುದಿ ಹಿಡಿದು ಎಳೆದು ಕೂರಿಸಿದಳು.

"ಏನ್ ಅಕ್ಕಾ ನೀನು. ನಂಗೆ ಬೇಕು ಅಂದಿದ್ದಕ್ಕೆ ನೀನು ಯಾಕೆ ಮುಖ ಊದಿಸ್ತೀಯ? ನೀನು ಬೇಡ ಅಂದಾಗ ನಾನು ಏನಾದ್ರೂ ಅಂದ್ನಾ?"

ಕಹಕಶಾನ್ ಪೆಚ್ಚಾದಳು. ನಿಜ, ಅಂದಿರಲಿಲ್ಲ. ಐದು ವರ್ಷದಲ್ಲಿ, ಇನ್ನೊಂದು ಯಾವಾಗ ಎಂದು ಕೇಳದ ಒಬ್ಬಳೇ ಹೆಂಗಸು ಎದುರಿಗೆ ಕೂತಿದ್ದಳು.

"ಬೇಕು ಅಂದ್ರೆ ಯಾರೂ ಕಾರಣ ಕೇಳಲ್ಲ ನೋಡು" ಎಂದಳು ಕಹಕಶಾನ್ ಕೊನೆಗೆ. "ಬೇಡ ಅಂದ್ರೇ ಕಾರಣ ಬೇಕು ಎಲ್ಲಾರಿಗೂ."

ಮುಂದಿನ ಭಾನುವಾರ ಉಮರ್‌ನ ತಮ್ಮ ಸಲ್ಮಾನನ ಮನೆಯಲ್ಲಿ, ಚಿಂತಾಮಣಿಯಲ್ಲಿ, ಮೂರನೆಯ ಮಗುವಿನ ಅಕೀಕಾ. ಮಗುವಿನ ತಲೆಗೂದಲು ತೆಗೆಸಿ, ಹೆಸರಿಟ್ಟು, ನೆಂಟರಿಗೆ ಊಟ ಹಾಕುವ ದಿನ. ಸಲ್ಮಾನನ ಹೆಂಡತಿ ಗುಲ್ನಾಜ್‌ಗೆ ಇಪ್ಪತ್ತಾರು ವರ್ಷ. ಐದು ವರ್ಷದಲ್ಲಿ ಮೂರು ಹೆರಿಗೆ. ಜರಿಯ ದುಪಟ್ಟಾ ಹೊದ್ದು ಮಂಚದ ಮೇಲೆ ಕೂತಿದ್ದಳು, ತುಟಿಗೆ ಬಣ್ಣ ಹಚ್ಚಿದ್ದರೂ ಮುಖ ಕಾಗದದಂತೆ ಬಿಳಿಚಿತ್ತು. ಬಂದವರೆಲ್ಲ ಮಗುವನ್ನು ನೋಡಿ ಹೋಗುತ್ತಿದ್ದರು, ಅವಳನ್ನಲ್ಲ.

ಊಟ ಮುಗಿದ ಮೇಲೆ ಹೆಂಗಸರು ಒಳಕೋಣೆಯಲ್ಲಿ, ಗಂಡಸರು ನಡುಮನೆಯಲ್ಲಿ ಕೂತರು. ನಡುವೆ ಅರ್ಧ ಸರಿಸಿದ ಒಂದು ಪರದೆ ಅಷ್ಟೇ. ಉಮರ್‌ನ ಸೋದರಮಾವ ಮೆಹಬೂಬ್ ಪಾಷಾ ಆ ಮನೆತನಕ್ಕೆ ಹಿರಿಯ. ಬಟ್ಟೆ ಅಂಗಡಿಯ ಯಜಮಾನ, ಹತ್ತು ಜನ ತಲೆಬಾಗಿ ಕೇಳುವ ದನಿ. ಅವನು ಹೊರಗೆ ತಂದ ಮಗುವಿನ ಹಣೆ ಮುಟ್ಟಿ ದುಆ ಹೇಳಿ ಹರಸಿ, ಒಳಗೆ ಕಳಿಸಿ, ಉಮರ್ ಕಡೆ ತಿರುಗಿದ.

"ಸಲ್ಮಾನನಿಗೆ ಮೂರಾಯ್ತು. ನೀನು ಅಣ್ಣ. ನಿಂದು ಒಂದಕ್ಕೇ ನಿಂತೋಯ್ತಲ್ಲಪ್ಪ? ಹೆಂಡತಿ ವ್ಯಾಪಾರ ಮಾಡ್ತಾಳೆ ಅಂತ ಮಕ್ಕಳು ಬೇಡ್ವಾ? ಎಲ್ಲಾರೂ ಹಿಂಗೇ ಮಾಡಿದ್ರೆ ನಮ್ಮೋರು ಉಳಿಯೋದು ಹೆಂಗೆ?"

ಎಲ್ಲರೂ ಉಮರ್‌ನನ್ನೇ ನೋಡಿದರು. ಅವನ ಕಿವಿ ಕೆಂಪಾದವು. ಆಮೇಲೆ ಅವನು ಆ ಮಾತನ್ನು ಆಡಿಯೇಬಿಟ್ಟ.

"ಅವಳಿಗೆ ಗರ್ಭಕೋಶದ ತೊಂದ್ರೆ ಮಾಮು. ಇನ್ನೊಂದಾದ್ರೆ ಪ್ರಾಣಕ್ಕೇ ಅಪಾಯ ಅಂದಿದಾರೆ ಡಾಕ್ಟರ್."

ಮಾತು ಪರದೆ ದಾಟಿ ಒಳಕೋಣೆಗೂ ಕೇಳಿತು. ಮರುಕ್ಷಣ ಹೆಂಗಸರೆಲ್ಲ ಕಹಕಶಾನ್‌ಳ ಸುತ್ತ ಮುತ್ತಿಕೊಂಡರು. ಒಬ್ಬಳು ಬೆಂಗಳೂರಿನ ಡಾಕ್ಟರ ಹೆಸರು ಹೇಳಿದಳು. ಇನ್ನೊಬ್ಬಳು ಗೌರಿಬಿದನೂರಿನ ಹಕೀಮರ ಲೇಹ್ಯ ಹೇಳಿದಳು. ಶಹರ್ ಬಾನು ಜನರನ್ನು ಸರಿಸಿಕೊಂಡು ಬಂದು ಸೊಸೆಯ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು.

"ಇಷ್ಟು ದಿನ ಒಬ್ಬಳೇ ನುಂಗ್ಕೊಂಡಿದ್ಯಾ ಬೇಟಿ? ನಂಗೆ ಯಾಕೆ ಹೇಳ್ಲಿಲ್ಲ? ನಾನು ಏನೇನೋ ಅಂದ್ಬಿಟ್ನಲ್ಲಾ."

ಅತ್ತೆಯ ಕಣ್ಣೀರು ಅವಳ ಕೆನ್ನೆಗೆ ತಾಗಿತು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಆ ಹೆಂಗಸು ಅವಳನ್ನು ಹೀಗೆ ಅಪ್ಪಿಕೊಂಡಿರಲಿಲ್ಲ. ಸುಮ್ಮನಿದ್ದುಬಿಟ್ಟರೆ ಈ ಪ್ರೀತಿ ತನ್ನದು, ಈ ಮನೆಯ ಶಾಂತಿಯೂ ತನ್ನದು ಎಂದು ಕಹಕಶಾನ್‌ಗೆ ಅನ್ನಿಸಿತು. ಸುಮ್ಮನಿರಲು ನಾಲಿಗೆ ಸಿದ್ಧವಾಗಿಯೇ ಇತ್ತು.

ಅಷ್ಟರಲ್ಲಿ ಹೆಂಗಸರ ಕಾಲುಗಳ ಸಂದಿಯಿಂದ ಆರ್ಜೂ ನುಗ್ಗಿ ಬಂದಳು. ತಾಯಿಯ ಕೈ ಹಿಡಿದೆಳೆದಳು.

"ಅಮ್ಮೀ, ನೀವು ಸತ್ತೋಗ್ತೀರಾ?"

ಕಹಕಶಾನ್ ಅತ್ತೆಯ ತೋಳಿನಿಂದ ಮೆಲ್ಲಗೆ ಬಿಡಿಸಿಕೊಂಡಳು. ಮಗಳನ್ನು ಎತ್ತಿ ಸೊಂಟಕ್ಕೆ ಕೂರಿಸಿಕೊಂಡು ಎದ್ದು ನಿಂತಳು. ಪರದೆಯ ಪಕ್ಕಕ್ಕೆ ಬಂದು, ನಡುಮನೆಗೂ ಕೇಳುವಂತೆ ಹೇಳಿದಳು.

"ಇಲ್ಲ ಕಂದ. ಅಮ್ಮೀಗೆ ಏನೂ ಆಗಿಲ್ಲ. ಯಾವ ಡಾಕ್ಟರೂ ಏನೂ ಹೇಳಿಲ್ಲ. ಅಮ್ಮೀಗೆ ಇನ್ನೊಂದು ಮಗು ಬೇಡ, ಅಷ್ಟೇ."

ಯಾರೋ ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟ ಸದ್ದು ಕೇಳಿತು. ಮೆಹಬೂಬ್ ಪಾಷಾ ಗಂಟಲು ಸರಿಮಾಡಿಕೊಂಡ.

"ಇದು ಹೆಣ್ಣುಮಕ್ಕಳು ಹತ್ತು ಜನರ ಮುಂದೆ ಆಡೋ ಮಾತಾ?"

"ನನ್ನ ಗರ್ಭಕೋಶದ ಮಾತನ್ನ ಹತ್ತು ಜನರ ಮುಂದೆ ಎತ್ತಿದ್ದು ನಾನಲ್ಲ ಮಾಮು."

"ಬೇಡ ಅನ್ನೋಕೆ ಕಾರಣ ಏನು? ಊಟಕ್ಕಿಲ್ವಾ? ಮನೆ ಇಲ್ವಾ?"

"ಎಲ್ಲಾ ಇದೆ. ಕಷ್ಟ ಇದೆ ಅಂತ ಬೇಡ ಅಂತಿಲ್ಲ. ಬೇಡ ಅಂತ ಬೇಡ. ಜಂಗಮಕೋಟೇಲಿ ನನ್ನ ಗೆಳತಿ ಇದಾಳೆ, ಅವಳ ಊರಲ್ಲಿ ಒಬ್ಬ ಮೈಕಲ್ಲಿ ನೀವು ಹೇಳಿದ್ದನ್ನೇ ಹೇಳ್ತಾನೆ. ನಮ್ಮೋರು ಕಮ್ಮಿ ಆಗ್ತಾರೆ, ಹೆರಿ ಅಂತ. ನಿಮ್ಮಿಬ್ಬರ ಪೈಪೋಟಿಗೆ ಹೊಟ್ಟೆ ನಮ್ದಾ?"

ಮಂಚದ ಮೇಲೆ ಗುಲ್ನಾಜ್ ಮಗುವಿನ ಮೇಲಿನ ಬಟ್ಟೆಯನ್ನು ಸರಿಪಡಿಸುತ್ತ ತಲೆ ತಗ್ಗಿಸಿದ್ದಳು. ಕಹಕಶಾನ್ ಮಗಳಿಗೆ ಚಪ್ಪಲಿ ಹಾಕಿಸಿ ಹೊರಗೆ ಬಂದಳು. ತಾನು ಆಡಿದ ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅವಳಿಗೆ ಅನ್ನಿಸಲಿಲ್ಲ.

ಬಸ್ಸಿನಲ್ಲಿ ಶಹರ್ ಬಾನು ಕಿಟಕಿಯಿಂದ ಅಂಬಾಜಿದುರ್ಗದ ಬೆಟ್ಟವನ್ನು ನೋಡುತ್ತ ಕೂತಿದ್ದಳು. ಮನೆ ಬಾಗಿಲಿನ ಬೀಗ ತೆಗೆಯುವಾಗ ಒಂದೇ ಮಾತು ಹೇಳಿದಳು.

"ಆ ಸುಳ್ಳನ್ನಾದ್ರೂ ಉಳಿಸಬಾರ್ದಿತ್ತಾ? ನಾನು ನಾಲ್ಕು ಜನಕ್ಕೆ ಮುಖ ತೋರಿಸೋದು ಹೆಂಗೆ?"

ಅಂದಿನಿಂದ ಅವಳು ಸೊಸೆಯ ಜೊತೆ ನೇರವಾಗಿ ಮಾತು ಬಿಟ್ಟಳು. ಹೇಳುವುದಿದ್ದರೆ ಆರ್ಜೂ ಮೂಲಕ. "ನಿಮ್ಮ ಅಮ್ಮೀಗೆ ಹೇಳು, ಅನ್ನ ಆಗಿದೆ." "ನಿಮ್ಮ ಅಮ್ಮೀಗೆ ಹೇಳು, ಗ್ಯಾಸ್ ಬಂದಿದೆ." ಮೂರು ಅಡಿ ದೂರದಲ್ಲಿ ನಿಂತ ಕಹಕಶಾನ್‌ಗೆ ಎಲ್ಲವೂ ಕೇಳುತ್ತಿತ್ತು. ಆದರೂ ಮಗು ಹೇಳುವವರೆಗೆ ಕಾಯುತ್ತಿದ್ದಳು.

ಉಮರ್ ಮೂರು ದಿನ ಮುಖ ತಿರುಗಿಸಿಕೊಂಡಿದ್ದ. ನಾಲ್ಕನೆಯ ದಿನ ಮಧ್ಯಾಹ್ನ ಶೆಡ್ಡಿಗೆ ಬಂದು, ಕೆಲಸದ ಹೆಂಗಸರು ಊಟಕ್ಕೆ ಹೋದದ್ದನ್ನು ನೋಡಿಕೊಂಡು, ಸಿಡಿದ.

"ಎಲ್ಲಾರ ಮುಂದೆ ನನ್ನನ್ನ ಸುಳ್ಳುಗಾರ ಮಾಡಿಬಿಟ್ಟೆ."

"ನೀವು ಎಲ್ಲಾರ ಮುಂದೆ ನನ್ನನ್ನ ರೋಗಿ ಮಾಡಿದ್ರಿ."

"ನಿನ್ನನ್ನ ಕಾಪಾಡೋಕೆ ಹೇಳ್ದೆ."

"ನನ್ನನ್ನಲ್ಲ. ನಿಮ್ಮನ್ನ. ನಂಗೂ ಒಬ್ಬಳೇ ಸಾಕು ಅಂತ ನೀವು ಬೈಕಲ್ಲಿ ನಂಗೆ ಹೇಳಿದ್ರಿ. ಮಾಮು ಕೇಳಿದಾಗ ಅದೇ ಮಾತು ಯಾಕೆ ಬರ್ಲಿಲ್ಲ? ನಿಮಗೆ ಬೇಡ ಅಂತ ಹೇಳೋ ಧೈರ್ಯ ಇಲ್ಲ, ಅದಕ್ಕೆ ನಾನು ಸಾಯೋ ಹಂಗೆ ಮಾಡಿದ್ರಿ. ಆರ್ಜೂ ರಾತ್ರಿ ಎದ್ದು ನಾನು ಉಸಿರಾಡ್ತಿದೀನಾ ಅಂತ ನೋಡ್ತಾಳೆ, ಗೊತ್ತಾ?"

ಉಮರ್‌ಗೆ ಅದು ಗೊತ್ತಿರಲಿಲ್ಲ. ಹಾಗೇ ಹೊರಟುಹೋದ.

ಮುಂದಿನ ವಾರದ ಬುಧವಾರ, ಆಪರೇಷನ್ ಮಾಡುವ ದಿನ, ಕಹಕಶಾನ್ ಸೌಜನ್ಯಳ ಜೊತೆ ಆಸ್ಪತ್ರೆಗೆ ಹೋದಳು. ಹೆಸರು ಬರೆದುಕೊಳ್ಳುತ್ತಿದ್ದ ನರ್ಸಮ್ಮ ಕನ್ನಡಕದ ಮೇಲಿಂದ ನೋಡಿದರು.

"ಒಂದೇ ಮಗೂನಾ? ನಿಮ್ಮೋರಲ್ಲಿ ಒಂದಕ್ಕೇ ನಿಲ್ಸೋದು ನಾನು ನೋಡೇ ಇಲ್ಲ."

"ಈಗ ನೋಡಿ" ಎಂದಳು ಕಹಕಶಾನ್.

"ನಿಮ್ಮ ಯಜಮಾನ್ರು ಎಲ್ಲಿ? ಅವರ ಸಹಿ?"

"ಸಹಿ ಅವಳದ್ದೇ ಸಾಕು ಸಿಸ್ಟರ್" ಎಂದು ಸೌಜನ್ಯ ಅಡ್ಡ ಬಂದಳು. "ಗಂಡನ ಸಹಿ ಬೇಕೇಬೇಕು ಅಂತ ಎಲ್ಲೂ ಇಲ್ಲ."

ನರ್ಸಮ್ಮನಿಗೆ ಆ ನಿಯಮ ಗೊತ್ತಿದ್ದಂತೆಯೇ ಇತ್ತು. ಮುಖ ಗಂಟಿಕ್ಕಿ ಪೆನ್ನು ಎತ್ತಿಕೊಂಡರು. "ಕಾರಣ ಏನಾದ್ರೂ ಇದೆಯಾ? ಬಿಪಿ, ಶುಗರ್?"

"ಏನೂ ಇಲ್ಲ. ಬೇಡ ಅಂತ. ಹಂಗೇ ಬರ್ಕೊಳ್ಳಿ."

ಕಹಕಶಾನ್ ಸಹಿ ಮಾಡಿದಳು, ಲೈಸೆನ್ಸ್ ಮೇಲೆ ಮಾಡುವ ಹಾಗೆಯೇ, ಪೂರ್ತಿ ಹೆಸರು ಬರೆದು. ಹಸಿರು ಗೌನ್ ಹಾಕಿಕೊಂಡು ಬೆಂಚಿನ ಮೇಲೆ ಕಾಯುತ್ತಿದ್ದಾಗ ಅವಳಿಗೆ ಭಯ ಶುರುವಾಯಿತು. ಬೇಡ ಎನ್ನುವುದರಲ್ಲಿ ಭಯವಿರಲಿಲ್ಲ, ಸೂಜಿಯ ಭಯ. ಆಗ ವರಾಂಡದ ತುದಿಯಲ್ಲಿ ಉಮರ್ ಕಾಣಿಸಿದ. ಅಂಗಿಯ ತೋಳಿನ ತುಂಬ ಗ್ರೀಸು. ಬಂದು ಪಕ್ಕದಲ್ಲಿ ಕೂತ.

"ಸಹಿಗೆ ಅಂತ ಬರ್ಲಿಲ್ಲ" ಎಂದ. "ಸಹಿ ಬೇಡ ಅಂತ ಗೊತ್ತು. ಸುಮ್ನೆ ಬಂದೆ. ಬೆಳಿಗ್ಗೆ ಮಾಮೂಗೆ ಫೋನ್ ಮಾಡಿದ್ದೆ. ನಂಗೂ ಒಬ್ಬಳೇ ಸಾಕು, ಅವಳಿಗೆ ಕಾಯಿಲೆ ಅಂತ ನಾನು ಹೇಳಿದ್ದು ಸುಳ್ಳು ಅಂದೆ."

"ಏನಂದ್ರು?"

"ಫೋನ್ ಇಟ್ಬಿಟ್ರು."

ಕಹಕಶಾನ್ ಅವನ ಗ್ರೀಸಿನ ಕೈಯನ್ನು ಹಿಡಿದುಕೊಂಡಳು. ಹಸಿರು ಗೌನಿಗೆ ಕಪ್ಪು ಹತ್ತಿತು. ನರ್ಸಮ್ಮ ಬೈದರು.

ಮಾರನೆಯ ದಿನ ಮನೆಗೆ ಬಂದಾಗ ಹಾಸಿಗೆ ಹಾಸಿತ್ತು. ಶಹರ್ ಬಾನು ಒಂದು ಬಟ್ಟಲು ಬಿಸಿ ಶೋರ್ಬಾ ತಂದು ತಲೆದಿಂಬಿನ ಪಕ್ಕ ಇಟ್ಟಳು. ಆರ್ಜೂ ಶಾಲೆಯಲ್ಲಿದ್ದಳು. ಮಾತು ದಾಟಿಸಲು ಯಾರೂ ಇರಲಿಲ್ಲ.

"ನಾನು ಒಪ್ಪಿಲ್ಲ" ಎಂದಳು ಅತ್ತೆ. "ಸಾಯೋವರೆಗೂ ಒಪ್ಪಲ್ಲ. ಬಿಸಿ ಇರೋವಾಗ್ಲೇ ಕುಡಿ."

ಕಹಕಶಾನ್ ಕುಡಿದಳು.

ಮೆಹಬೂಬ್ ಪಾಷಾ ತನ್ನ ಮೊಮ್ಮಗಳ ಮದುವೆಗೆ ಅವರನ್ನು ಕರೆಯಲಿಲ್ಲ. ಬೀದಿಯ ಕೆಲವು ಮನೆಗಳವರು ಕಹಕಶಾನ್‌ಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಅವಳು ಬೇಕೆಂದೇ ಅಲ್ಲಿ ನಿಂತು ಸಲಾಂ ಹೇಳಿ ಮುಂದೆ ಹೋಗುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಜಂಗಮಕೋಟೆಯಲ್ಲಿ ತನುಜಳಿಗೆ ನಾಲ್ಕು ತಿಂಗಳಾಗಿತ್ತು. ಹುಳುವಿನ ಮನೆಯ ವಾಸನೆಗೆ ಅವಳಿಗೆ ವಾಂತಿ ಬರುತ್ತದೆಂದು, ಗೂಡು ಬಿಡಿಸುವ ದಿನ ಕಹಕಶಾನ್ ಹೋಗಿ ಇಡೀ ದಿನ ಅವಳ ಪಾಲಿನ ಕೆಲಸ ಮಾಡಿಕೊಟ್ಟು ಬಂದಳು.

ಒಂದು ಸಂಜೆ ಗುಲ್ನಾಜ್‌ಳ ಫೋನ್ ಬಂತು. ದನಿ ತಗ್ಗಿತ್ತು, ಹಿಂದೆ ಒಂದು ಮಗು ಅಳುತ್ತಿತ್ತು.

"ಭಾಭಿ, ನಂಗೆ ಮೂರು ಸಾಕು. ಇವರು ಇನ್ನೊಂದು ಅಂತಿದಾರೆ. ನಾನು ಏನ್ ಕಾಯಿಲೆ ಇದೆ ಅಂತ ಹೇಳ್ಲಿ?"

"ಯಾವ ಕಾಯಿಲೇನೂ ಹೇಳ್ಬೇಡ. ಸಾಕು ಅಂತ ಹೇಳು."

"ಬೈತಾರೆ ಭಾಭಿ."

"ಬೈತಾರೆ. ನಂಗೂ ಬೈದ್ರು. ಬುಧವಾರ ಬಸ್ ಹತ್ತಿ ಬಾ, ನಾನು ಸ್ಟ್ಯಾಂಡಲ್ಲಿ ಇರ್ತೀನಿ."

ಫೋನ್ ಇಟ್ಟು ತಿರುಗಿದರೆ ಅಡಿಗೆಮನೆಯ ಬಾಗಿಲಲ್ಲಿ ಶಹರ್ ಬಾನು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಯಾರು, ಗುಲ್ನಾಜಾ?"

"ಹೌದು ಅಮ್ಮೀ." ಕಹಕಶಾನ್ ಕಣ್ಣು ತಗ್ಗಿಸಲಿಲ್ಲ. ಇನ್ನೊಂದು ಜಗಳಕ್ಕೆ ಸಿದ್ಧವಾಗಿಯೇ ನಿಂತಳು.

ಶಹರ್ ಬಾನು ಕೈಯಲ್ಲಿದ್ದ ಸೊಪ್ಪನ್ನು ಮೊರಕ್ಕೆ ಹಾಕಿ, ಕೂತು, ಬಿಡಿಸಲು ಶುರುಮಾಡಿದಳು. ನಾಲ್ಕೈದು ಕಡ್ಡಿ ಬಿಡಿಸಿದ ಮೇಲೆ, ತಲೆ ಎತ್ತದೆಯೇ ಹೇಳಿದಳು.

"ಮೂರು ಮಕ್ಕಳನ್ನ ಯಾರ ಕೈಗೆ ಕೊಟ್ಟು ಬರ್ತಾಳೆ ಅವಳು? ಕರ್ಕೊಂಡೇ ಬರೋಕೆ ಹೇಳು. ಬುಧವಾರ ನಾನು ನೋಡ್ಕೋತೀನಿ."